ಆಕೆ ಹೇಳದ ಪಾಸ್‌ವರ್ಡ್

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಸುಳ್ಳೇನಲ್ಲ. ಆ ಸಿಟ್ಟಿನ ದೆಸೆಯಿಂದ ಒಮ್ಮೆ ಒಬ್ಬ ಹೆಂಗಸಿನ ಕೆಲಸ ಹೋಗುವುದರಲ್ಲಿತ್ತು. ಅದನ್ನು ಬರೆದಿಡಬೇಕು ಅಂತ ಎಷ್ಟೋ ಸಲ ಕೂತು, ನಾಚಿಕೆಯಾಗಿ ಎದ್ದಿದ್ದೇನೆ. ಈಗ ಬರೆದೇಬಿಡುತ್ತೇನೆ.

ನಾನು ಹಾಸನದವಳು. ಅಪ್ಪ ಹೈಸ್ಕೂಲು ಮೇಷ್ಟ್ರು. ತೊಂಬತ್ತರ ದಶಕದ ಕೊನೆಯಲ್ಲಿ ಡಿಪ್ಲೊಮಾ ಮುಗಿಸಿ, ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಬಟ್ಟೆ ಅಂಗಡಿಯ ಮಹಡಿಯಲ್ಲಿದ್ದ ಕಂಪ್ಯೂಟರ್ ಸರ್ವೀಸಿನ ಆಫೀಸಿಗೆ ಸೇರಿದೆ. ಊರಿನ ನರ್ಸಿಂಗ್ ಹೋಮು, ಲ್ಯಾಬುಗಳಿಗೆ ಆಗಷ್ಟೇ ಒಂದೊಂದು ಕಂಪ್ಯೂಟರ್ ಬರುತ್ತಿತ್ತು. ಅದಕ್ಕೆ ಬೇರೆ ಕೋಣೆ, ಪರದೆ, ಮೈಮೇಲೆ ಹೂವಿನ ಚಿತ್ರದ ಹೊದಿಕೆ. ಬಾಗಿಲಲ್ಲೇ ಚಪ್ಪಲಿ ಬಿಡಬೇಕು. ಬಿಟ್ಟು ಒಳಗೆ ಹೋದರೆ ಮಾನಿಟರಿನ ಹಣೆಗೆ ಚೀಟಿ ಅಂಟಿಸಿ ಪಾಸ್‌ವರ್ಡ್ ಬರೆದಿರುತ್ತಿದ್ದರು! ಚಪ್ಪಲಿ ಒಳಗೆ ಬರುವ ಹಾಗಿಲ್ಲ, ಪಾಸ್‌ವರ್ಡ್ ಮಾತ್ರ ಬಂದವರಿಗೆಲ್ಲ ದರ್ಶನ ಕೊಡುತ್ತಿತ್ತು. ನಾನು ಚೀಟಿ ಕಿತ್ತು ಬಿಸಾಕಿ ಬೈದು ಬರುತ್ತಿದ್ದೆ. ಮುಂದಿನ ತಿಂಗಳು ಹೋದರೆ ಅದೇ ಜಾಗದಲ್ಲಿ ಹೊಸ ಚೀಟಿ, ಈ ಸಲ ಸೆಲ್ಲೋಟೇಪು ನಾಲ್ಕೂ ಕಡೆ.

ಇದರ ಜೊತೆಗೆ ವೈರಸ್ ಅನ್ನುವ ಕಾಟ ಬೇರೆ. ಫ್ಲಾಪಿಯಿಂದ ಫ್ಲಾಪಿಗೆ ಹತ್ತಿಕೊಂಡು ಬರುತ್ತಿದ್ದ ಕಾಲ. ಒಂದು ಹೆರಿಗೆ ಆಸ್ಪತ್ರೆಯ ಹಜಾರದಲ್ಲಿ ನಿಂತು, "ಡಾಕ್ಟ್ರೇ, ನಿಮ್ಮಲ್ಲಿ ವೈರಸ್ ಬಂದುಬಿಟ್ಟಿದೆ" ಅಂದೆ. ಅವರು ಗಾಬರಿಯಾಗಿ ನನ್ನನ್ನು ಪಕ್ಕಕ್ಕೆ ಎಳೆದುಕೊಂಡು, "ಮೆತ್ತಗೆ ಮಾತಾಡಮ್ಮ ತಾಯಿ, ಬಾಣಂತಿಯರು ಕೂತಿದ್ದಾರೆ" ಅಂದರು.

ಕ್ರಮೇಣ ನಮ್ಮ ಕೆಲಸದ ರೀತಿ ಬದಲಾಯಿತು. ಕೆಟ್ಟ ಮೇಲೆ ಓಡಿಹೋಗಿ ರಿಪೇರಿ ಮಾಡುವುದರ ಬದಲು, ಕೆಡದ ಹಾಗೆ ಕಾಯುವುದಕ್ಕೆ ವರ್ಷಕ್ಕೊಂದು ಕರಾರು. ತಿಂಗಳಿಗೊಮ್ಮೆ ಹೋಗಿ ಆ್ಯಂಟಿವೈರಸ್ ಹೊಸದು ಹಾಕುವುದು, ಇದ್ದದ್ದನ್ನೆಲ್ಲ ಇನ್ನೊಂದು ಪ್ರತಿ ತೆಗೆದು ಸೀಡಿಯಲ್ಲಿ ಇಡುವುದು, ಯಾರು ಯಾವಾಗ ಪಾಸ್‌ವರ್ಡ್ ಹೊಡೆದು ಒಳಗೆ ಹೋದರು ಅನ್ನುವ ಪಟ್ಟಿ ನೋಡುವುದು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕೂ ಊರಿಗೆ ಸೀಡಿಯ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿನಲ್ಲಿ ತಿರುಗಿದವಳು ನಾನು. ಕಂಡಕ್ಟರುಗಳು ನನ್ನನ್ನು ಎಲ್ಐಸಿ ಏಜೆಂಟ್ ಅಂದುಕೊಂಡಿದ್ದರು.

ನಾನು ಹೇಳಹೊರಟ ಲ್ಯಾಬು ಹಾಸನದ ಒಬ್ಬ ಡಾಕ್ಟರದು. ರಕ್ತ, ಮೂತ್ರ, ಕಫ ಪರೀಕ್ಷೆ ಮಾಡುವ ಲ್ಯಾಬು. ಉಳಿದ ಮೂರೂ ಊರಲ್ಲಿ ಒಂದೊಂದು ಸಣ್ಣ ಶಾಖೆ. ಅಲ್ಲಿ ರಕ್ತ ತೆಗೆದು ಬಸ್ಸಿನಲ್ಲಿ ಹಾಸನಕ್ಕೆ ಕಳಿಸುವುದು. ಬ್ರಾಡ್‌ಬ್ಯಾಂಡ್ ಬಂದ ಮೇಲೆ ಶಾಖೆಯವರು ತಮ್ಮ ಪಾಸ್‌ವರ್ಡ್ ಹೊಡೆದು ರಿಪೋರ್ಟನ್ನು ಅಲ್ಲೇ ತೆಗೆದುಕೊಡುವ ಹಾಗೆ ನಾವು ಮಾಡಿಕೊಟ್ಟೆವು. ಒಂದು ಶಾಖೆಯ ಪಾಸ್‌ವರ್ಡಿಗೆ ಆ ಶಾಖೆಯ ರೋಗಿಗಳ ರಿಪೋರ್ಟು ಮಾತ್ರ ಕಾಣುತ್ತದೆ. ಪಾಸ್‌ವರ್ಡ್ ಇಡುವ ದಿನ ನಾನೇ ಒಂದೊಂದು ಊರಿಗೂ ಹೋಗಿ, "ನೀವು ಜನ್ಮದಲ್ಲಿ ಮರೆಯದಂಥದ್ದು ಏನಾದರೂ ಹಾಕಿ" ಅಂತ ಹೇಳಿ ಗೋಡೆ ಕಡೆ ತಿರುಗಿ ನಿಂತೆ. ಅರಕಲಗೂಡಿನಾತ ಒಂದು ಎರಡು ಮೂರು ನಾಲ್ಕು ಅಂತ ಬಾಯಲ್ಲಿ ಎಣಿಸಿಕೊಂಡೇ ಹೊಡೆದ. ಬೈದು ಬದಲಾಯಿಸಿದೆ. ಚನ್ನರಾಯಪಟ್ಟಣದಾತ ತನ್ನ ಬೈಕಿನ ನಂಬರು ಹಾಕಿದ. ಬೈಕು ಬಾಗಿಲಲ್ಲೇ ನಿಂತಿತ್ತು.

ಹೊಳೆನರಸೀಪುರದ ಶಾಖೆಯಲ್ಲಿ ಇದ್ದದ್ದು ಒಬ್ಬ ಹೆಂಗಸು. ಹರದನಹಳ್ಳಿ ಕಡೆಯ ಒಕ್ಕಲು ಮನೆಯ ಸೊಸೆ, ಪಿಯುಸಿ ಓದಿದ್ದಳು, ಎರಡು ಹೆಣ್ಣುಮಕ್ಕಳ ತಾಯಿ. ನನಗಿಂತ ಎರಡು ಮೂರು ವರ್ಷ ಚಿಕ್ಕವಳಿರಬೇಕು. ಅವಳು ಕೀಬೋರ್ಡನ್ನು ಒಂದು ಗಳಿಗೆ ನೋಡುತ್ತ ಕೂತು, ಯಾಕೋ ಕಿವಿಯವರೆಗೂ ಕೆಂಪಾಗಿ, ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. "ಆಯ್ತು ಕಣ್ ಮೇಡಂ" ಅಂದಳು. ಅಷ್ಟೇ.

ತಕರಾರು ಶುರುವಾದದ್ದು ಆಮೇಲೆ. ಆಗ ನಮ್ಮಲ್ಲಿ ಒಂದು ರೂಢಿಯಿತ್ತು. ಯಾವುದಾದರೂ ಶಾಖೆಯಲ್ಲಿ ಪ್ರಿಂಟ್ ಬರದಿದ್ದರೆ, ರಿಪೋರ್ಟ್ ಕಾಣದಿದ್ದರೆ, ನಾನು ಆಫೀಸಿನಿಂದ ಫೋನ್ ಮಾಡಿ, "ಪಾಸ್‌ವರ್ಡ್ ಹೇಳಿ, ಇಲ್ಲಿಂದಲೇ ನೋಡುತ್ತೇನೆ" ಅನ್ನುತ್ತಿದ್ದೆ. ಅವರು ಹೇಳುತ್ತಿದ್ದರು. ಬಸ್ಸು ಹತ್ತುವ ಕಷ್ಟ ತಪ್ಪುತ್ತಿತ್ತು. ಚೀಟಿ ಅಂಟಿಸಿದವರನ್ನು ಬೈಯುತ್ತಿದ್ದ ನನಗೆ ಇದು ಅದಕ್ಕಿಂತ ಕೆಟ್ಟ ಅಭ್ಯಾಸ ಅಂತ ಹೊಳೆಯಲೇ ಇಲ್ಲ. ಕೇಳುತ್ತಿದ್ದವಳು ನಾನಲ್ಲವಾ, ಅದಕ್ಕೆ.

ಹೊಳೆನರಸೀಪುರದವಳು ಮಾತ್ರ ಹೇಳಲಿಲ್ಲ.

"ಆಗಾಕಿಲ್ಲ ಮೇಡಂ."

"ಏನು ಆಗಲ್ಲ? ನಾನು ಸರ್ವೀಸಿನವಳು ಕಣ್ರೀ, ನಾನೇ ಬಂದು ಹಾಕಿಸಿದ್ದು."

"ಗೊತ್ತು ಮೇಡಂ. ಬಾಯಲ್ಲಿ ಏಳಾಕಾಗಲ್ಲ."

"ಒಂದೊಂದೇ ಅಕ್ಷರ ಹೇಳಿ, ಬರೆದುಕೊಳ್ಳುತ್ತೇನೆ."

ಆ ಕಡೆ ಕೌಂಟರಿನಲ್ಲಿ ಜನ ಮಾತಾಡುವುದು ಕೇಳುತ್ತಿತ್ತು. "ಅಕ್ಸರ ಏಳಿದ್ರೂ ಏಳ್ದಂಗೇ ಅಲ್ವಾ ಮೇಡಂ? ನೀವೇ ಬಂದ್ಬುಡಿ" ಅಂದಳು.

ನನಗೆ ಮೈಯೆಲ್ಲ ಉರಿಯಿತು. ಎರಡು ನಿಮಿಷದ ಕೆಲಸಕ್ಕೆ ಬಸ್ಸಲ್ಲಿ ಹೋಗಿ ಬಸ್ಸಲ್ಲಿ ಬರಬೇಕು, ಒಂದಿಡೀ ದಿನ ಹಾಳು. ಹೋದೆ. ಅವಳು ಸೆರಗು ಅಡ್ಡ ಹಿಡಿದು ಪಾಸ್‌ವರ್ಡ್ ಹೊಡೆದು ಕೊಟ್ಟಳು. ನಾನು ಸರಿಮಾಡಿ, ಬಾಯಿಗೆ ಬಂದ ಹಾಗೆ ಬೈದೆ. ಅವಳು ತಲೆ ತಗ್ಗಿಸಿಕೊಂಡು, "ಕಾಪಿ ತರಿಸ್ಲಾ ಮೇಡಂ?" ಅಂದಳು. ಬೇಡ ಅಂತ ಎದ್ದು ಬಂದೆ. ಹೀಗೆ ಒಂದಲ್ಲ, ಮೂರು ಸಲ.

ಮೂರನೇ ಸಲ ಬಂದವಳೇ ತಿಂಗಳ ವರದಿಯಲ್ಲಿ ಡಾಕ್ಟರಿಗೆ ಬರೆದೆ: ಹೊಳೆನರಸೀಪುರದ ಶಾಖೆಯ ಸಿಬ್ಬಂದಿ ಸಹಕರಿಸುತ್ತಿಲ್ಲ, ತಿಳಿವಳಿಕೆ ಸಾಲದು, ಬೇರೆಯವರನ್ನು ನೇಮಿಸಿಕೊಳ್ಳುವುದು ಒಳ್ಳೆಯದು. ಬರೆಯುವಾಗ ಎಂಥ ಖುಷಿ! ಅಕ್ಷರಗಳನ್ನು ಒತ್ತಿ ಒತ್ತಿ ಬರೆದಿದ್ದೆ.

ಡಾಕ್ಟರು ನನ್ನ ಮಾತು ನಂಬುವವರು. ಒಂದು ವಾರ ಬಿಟ್ಟು ಅವರ ಲ್ಯಾಬಿಗೆ ಹೋದಾಗ, "ಈ ತಿಂಗಳಾದ ಮೇಲೆ ಕೆಲಸಕ್ಕೆ ಬರೋದು ಬೇಡ ಅಂತ ಆ ಹುಡುಗಿಗೆ ಹೇಳಿಬಿಟ್ಟಿದ್ದೀನಮ್ಮ" ಅಂದರು. ಆಮೇಲೆ ಮೆಲ್ಲಗೆ, "ಪಾಪ, ಅತ್ತಳು. ಮನೇಲಿ ಅತ್ತೆಗೆ ಇವಳು ಕೆಲಸಕ್ಕೆ ಬರೋದೇ ಇಷ್ಟ ಇಲ್ವಂತೆ. ಇದು ಹೋದರೆ ಇನ್ನೊಂದಕ್ಕೆ ಕಳಿಸಲ್ಲ, ಇನ್ನು ಕೊಟ್ಟಿಗೆ ಕೆಲಸವೇ ಗತಿ ಅಂದಳು" ಅಂತ ಸೇರಿಸಿದರು. ಬರೆದದ್ದನ್ನು ವಾಪಸ್ ತಗೋತೀನಿ ಅನ್ನಬೇಕಿತ್ತು. ಆದರೆ ಸಿಟ್ಟಿನವರಿಗೆ ಒಂದು ಜಂಬ ಇರುತ್ತದೆ, ಆಡಿದ್ದನ್ನು ನುಂಗಬಾರದು ಅಂತ. ಸೀಡಿಯ ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಬಂದೆ.

ಇದಾಗಿ ನಾಲ್ಕೈದು ದಿನಕ್ಕೆ ಬೆಳಗ್ಗೆ ಅರಕಲಗೂಡಿನಾತನ ಫೋನು. ಆತನಿಗೆ ಪೀಠಿಕೆ ಗೀಠಿಕೆ ಇಲ್ಲ.

"ಅಲ್ಲಾ ಮೇಡಂ, ನಿನ್ನೆ ನಿಮ್ಮೋರು ಪೋನ್ ಮಾಡಿ ಪಾಸ್‌ವರ್ಡ್ ಇಸ್ಕಂಡ್ರಲ್ಲಾ, ಮಿಷಿನ್ ಇವತ್ತೂ ಅಂಗೇ ತೆವಳ್ತಾ ಐತೆ. ಏನ್ ನೋಡಿದ್ರಿ ನೀವು?"

"ನಮ್ಮವರಾ? ಯಾರು?"

"ಯಾರೋ ಗಂಡಸ್ರು. ಸರ್ವೀಸಿಂದ ಅಂದ್ರು. ಕೊಟ್ಟೆ."

ನಮ್ಮ ಆಫೀಸಿನ ಇಬ್ಬರು ಗಂಡಸರನ್ನೂ ಕೇಳಿದೆ. ಯಾರೂ ಫೋನ್ ಮಾಡಿರಲಿಲ್ಲ. ಚನ್ನರಾಯಪಟ್ಟಣಕ್ಕೆ ಫೋನ್ ಮಾಡಿದರೆ ಅಲ್ಲೂ ಅದೇ ಕಥೆ. "ಬೈಕ್ ನಂಬ್ರು ತಾನೇ ಮೇಡಂ, ಕೊಟ್ಬುಟ್ಟೆ" ಅಂದ ಆತ, ಬಸ್ಸಿನ ವೇಳೆ ಹೇಳಿದಷ್ಟು ಸಲೀಸಾಗಿ.

ಕಂಪ್ಯೂಟರಿನ ಪಟ್ಟಿ ತೆರೆದು ಕೂತೆ. ಅರಕಲಗೂಡಿನ ಪಾಸ್‌ವರ್ಡಿನಿಂದ ಹೊರಗಿನವರ್ಯಾರೋ ಒಳಗೆ ಬಂದು ಒಂದೇ ಒಂದು ಹೆಸರು ಹುಡುಕಿದ್ದರು. ಒಬ್ಬ ಹುಡುಗಿಯ ಹೆಸರು, ತಂದೆಯ ಹೆಸರಿನ ಸಮೇತ. ಸಿಕ್ಕಿಲ್ಲ. ಹದಿನೈದು ನಿಮಿಷ ಬಿಟ್ಟು ಚನ್ನರಾಯಪಟ್ಟಣದಿಂದ ಅದೇ ಹೆಸರು. ಅಲ್ಲೂ ಸಿಕ್ಕಿಲ್ಲ. ಅದಕ್ಕೂ ಮೊದಲು ಹೊಳೆನರಸೀಪುರದ ಬಾಗಿಲಿಗೆ ಬಂದು, ಏನೇನೋ ಊಹೆ ಮಾಡಿ ಆರು ಸಲ ತಪ್ಪು ಪಾಸ್‌ವರ್ಡ್ ಹೊಡೆದಿದ್ದರು. ಬಾಗಿಲು ತೆರೆದಿರಲಿಲ್ಲ.

ಪಟ್ಟಿಯನ್ನು ಪ್ರಿಂಟ್ ಮಾಡಿಕೊಂಡು ಡಾಕ್ಟರ ಹತ್ತಿರ ಓಡಿದೆ. ಅವರು ಹೆಸರು ನೋಡಿ ಕನ್ನಡಕ ತೆಗೆದರು.

"ಈ ಹುಡುಗಿ ನಮ್ಮ ಹೊಳೆನರಸೀಪುರದ ಪೇಷಂಟೇ. ಮದುವೆ ಮಾತು ನಡೀತಿದೆ ಅಂತ ಅವರಪ್ಪ ಹೇಳಿದ್ದರು. ಇದು ಹೆಣ್ಣು ನೋಡೋಕೆ ಬಂದೋರ ಕೆಲಸ ಕಣಮ್ಮ. ಹುಡುಗಿಗೆ ಏನು ಕಾಯಿಲೆ ಇತ್ತು ಅಂತ ಕದ್ದು ನೋಡೋದು."

ಏನು ಕಾಯಿಲೆಯಿತ್ತು ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ನನಗೆ ಅದನ್ನು ನೋಡುವ ದಾರಿ ಇತ್ತು. ಇವತ್ತಿನವರೆಗೂ ನೋಡಿಲ್ಲ. ಆ ಹೊತ್ತಿಗೆ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಮೂರು ಬಾಗಿಲಲ್ಲಿ ಎರಡು ತೆರೆದುಕೊಂಡವು, ನಾನು ತಿಳಿವಳಿಕೆ ಸಾಲದು ಅಂತ ಬರೆದವಳ ಬಾಗಿಲು ಮಾತ್ರ ನಿಂತಿತು.

"ಡಾಕ್ಟ್ರೇ, ಹೊಳೆನರಸೀಪುರಕ್ಕೆ ಹೋಗೋಣ" ಅಂದೆ. ಅವರು ಕಾರಿನ ಕೀ ತಗೊಂಡರು.

ನಮ್ಮಿಬ್ಬರನ್ನೂ ಒಟ್ಟಿಗೆ ನೋಡಿ ಅವಳ ಮುಖ ಸಣ್ಣಗಾಯಿತು. ತಿಂಗಳು ಮುಗಿಯುವುದಕ್ಕೂ ಕಾಯದೆ ಬಂದುಬಿಟ್ಟರು ಅಂದುಕೊಂಡಿರಬೇಕು. ರಕ್ತ ಕೊಡಲು ಕೂತಿದ್ದ ಅಜ್ಜನ ತೋಳಿಗೆ ಹತ್ತಿ ಒತ್ತಿ ಕಳಿಸಿ, ಡ್ರಾಯರಿನಿಂದ ಬೀಗದ ಕೀ ತೆಗೆದು ಮೇಜಿನ ಮೇಲೆ ಇಟ್ಟಳು.

"ತಗಳಿ ಸಾ. ನಿನ್ನೇನೂ ಪೋನ್ ಬಂದಿತ್ತು, ನಿನ್ನೇನೂ ಏಳ್ಲಿಲ್ಲ. ಅದ್ಕೇ ಬಂದಿದೀರ ಅಂತ ಗೊತ್ತು. ಅದೊಂದು ನನ್ನ ಬಾಯಲ್ಲಿ ಬರಾಕಿಲ್ಲ."

"ಫೋನಲ್ಲಿ ಏನು ಹೇಳಿದ?" ಅಂತ ನಾನು ಕೇಳಿದೆ.

"ಸರ್ವೀಸಿಂದ ಅಂದ್ರು. ಅರ್ಜೆಂಟ್ ಅಂದ್ರು. ಕೊಡಾಕಿಲ್ಲ ಅಂದಿದ್ದಕ್ಕೆ, ಬುದ್ಧಿ ಐತಾ ನಿಂಗೆ, ಕೆಲ್ಸ ತೆಗೆಸ್ತೀನಿ ಅಂತ ಬಾಯಿಗ್ ಬಂದಂಗೆ ಬೈದ್ರು." ಅವಳು ನನ್ನ ಕಡೆ ನೋಡಿದಳು. ಅದರಲ್ಲಿ ಕುಹಕ ಇರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಳು. "ಥೇಟ್ ನಿಮ್ಮಂಗೇ ಬೈದ್ರು ಮೇಡಂ. ಅದ್ಕೇ ನಿಮ್ಮೋರೇ ಇರಬೇಕು ಅಂದ್ಕಂಡೆ."

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಡಾಕ್ಟರು ಕೆಮ್ಮಿದರು. ಆ ಕಳ್ಳನಿಗೆ ದಾರಿ ಮಾಡಿಕೊಟ್ಟವಳು ನಾನೇ. ಫೋನಿನಲ್ಲಿ ಯಾರಾದರೂ ಜೋರು ಮಾಡಿದರೆ ಪಾಸ್‌ವರ್ಡ್ ಕೊಡಬೇಕು ಅಂತ ಮೂರು ಊರಿಗೂ ಪಾಠ ಹೇಳಿಕೊಟ್ಟಿದ್ದೆನಲ್ಲ.

"ಅಷ್ಟು ಬೈದರೂ ಯಾಕಮ್ಮ ಹೇಳಲಿಲ್ಲ ನೀನು?" ಅಂತ ಡಾಕ್ಟರು ಕೇಳಿದರು.

ಅವಳು ಸೆರಗಿನ ಅಂಚು ಬೆರಳಿಗೆ ಸುತ್ತಿಕೊಂಡಳು. ಡಾಕ್ಟರಿಗೆ ಹೇಳಲಾಗದೆ ನನ್ನ ಕಿವಿಯ ಹತ್ತಿರ ಬಂದಳು.

"ನಮ್ಮ ಯಜಮಾನ್ರ ಎಸ್ರು ಮೇಡಂ."

"ಏನು?"

"ಜನ್ಮದಲ್ಲಿ ಮರೀದೇ ಇರೋದು ಆಕು ಅಂದ್ರಲ್ಲ ನೀವು. ನಮ್ಮ ಯಜಮಾನ್ರ ಎಸ್ರು ಆಕ್ದೆ. ಅದನ್ನ ನಾ ಎಂಗ್ ಏಳ್ಲಿ? ಗಂಡನ ಎಸ್ರು ಏಳಿದ್ರೆ ಅವ್ರ ಆಯಸ್ಸಿಗೆ ಕುತ್ತು ಅಂತಾರೆ ನಮ್ಮತ್ತೆ. ಬರ್ಯಕೇನೂ ಅಡ್ಡಿ ಇಲ್ಲ."

ಅಯ್ಯೋ ರಾಮ! ನಾನು ನನ್ನ ಗಂಡನನ್ನು ಹೆಸರು ಹಿಡಿದೇ ಕರೆಯುವವಳು. ಸಿಟ್ಟು ಬಂದ ದಿನ ಎದುರುಮನೆಗೂ ಕೇಳುವ ಹಾಗೆ. ಮದುವೆ ಮನೆಗಳಲ್ಲಿ ಹೊಸ ಸೊಸೆಯನ್ನು ನಿಲ್ಲಿಸಿ, ಗಂಡನ ಹೆಸರು ಹೇಳು ಅಂತ ಎಲ್ಲರೂ ಕಾಡುವುದನ್ನೂ, ಅವಳು ನಾಚಿ ಬೆವರುವುದನ್ನೂ ಎಷ್ಟು ಸಲ ನೋಡಿ ನಕ್ಕಿದ್ದೆ. ಆದರೂ ಈ ಹೆಂಗಸು ಮೂರು ಸಲ ಬಾಯಲ್ಲಿ ಬರಲ್ಲ ಅಂದಾಗ ನನಗೆ ತಿಳಿಯಲಿಲ್ಲ. ತಿಳಿವಳಿಕೆ ಸಾಲದ್ದು ಯಾರಿಗೆ?

"ನನ್ನದು ತಪ್ಪಾಯಿತು" ಅಂದೆ. "ನಿಮ್ಮ ಮೇಲೆ ಡಾಕ್ಟರಿಗೆ ಬರೆದವಳು ನಾನು." ಅವಳಿಗೆ ಅದು ಗೊತ್ತಿರಲಿಲ್ಲ. ಒಂದು ಕ್ಷಣ ನನ್ನನ್ನೇ ನೋಡಿದಳು. ಕಣ್ಣು ತುಂಬಿತು, ಬಯ್ಯುತ್ತಾಳೆ ಅಂದುಕೊಂಡೆ. ಬಯ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಅವಳು ಡಾಕ್ಟರ ಕಡೆ ತಿರುಗಿದಳು. ಡಾಕ್ಟರು ಮೇಜಿನ ಮೇಲಿದ್ದ ಕೀಯನ್ನು ಅವಳ ಕಡೆ ತಳ್ಳಿ, "ಮುಂದಿನ ತಿಂಗಳೂ ಬಾಮ್ಮ. ನಾನು ಆಡಿದ್ದು ವಾಪಸ್ ತಗೊಂಡೆ" ಅಂದರು.

ಅಲ್ಲಿಗೆ ಮುಗಿಯಲಿಲ್ಲ. ನನ್ನ ವೃತ್ತಿಯ ಕಹಿ ಮಾತೊಂದು ಹೇಳಲೇಬೇಕಿತ್ತು. ಗಂಡನ ಹೆಸರು ಅನ್ನುವುದು ಪಾಸ್‌ವರ್ಡಿಗೆ ಬಲು ಕೆಟ್ಟದ್ದು. ಇವಳು ಹೇಳದಿದ್ದರೇನು, ಹರದನಹಳ್ಳಿ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಆ ಫೋನಿನವನಿಗೆ ಇವಳ ಮನೆ ಯಾವುದು ಅಂತ ಗೊತ್ತಿದ್ದಿದ್ದರೆ ಎರಡು ನಿಮಿಷ ಸಾಕಿತ್ತು. ಬದಲಾಯಿಸಬೇಕು ಅಂದೆ.

"ಬದಲಾಯಿಸ್ಲೇಬೇಕಾ ಮೇಡಂ?" ಅಂದಳು. ಆಮೇಲೆ ಮೆಲ್ಲಗೆ, "ದಿನಾ ಬೆಳಗ್ಗೆ ಬಂದು ಒಂದ್ಸಲ ಬರೀತಿದ್ದೆ. ಚೆಂದಾಗಿತ್ತು" ಅಂದಳು.

ಆದರೂ ಬೇರೆ ಹಾಕಿಸಿದೆ. ನಾನು ಗೋಡೆ ಕಡೆ, ಡಾಕ್ಟರು ಬೀದಿ ಕಡೆ ತಿರುಗಿ ನಿಂತೆವು. ಈ ಸಲ ಅವಳು ಬಹಳ ಹೊತ್ತು ಯೋಚಿಸಿ, ಅಂಕಿ ಅಕ್ಷರ ಬೆರೆಸಿ ಏನೋ ಹಾಕಿದಳು.

ಆ ಹುಡುಗಿಗೆ ವಿಷಯ ತಿಳಿಸುವುದೋ ಬೇಡವೋ ಅಂತ ನಾನು ಮತ್ತು ಡಾಕ್ಟರು ಜಗಳವಾಡಿದೆವು. ಏನೂ ಸಿಕ್ಕಿಲ್ಲವಲ್ಲ, ಸುಮ್ಮನೆ ಯಾಕೆ ಹೆದರಿಸುವುದು ಅಂತ ನಾನು. ಅವಳ ಹೆಸರು ಹಿಡಿದು ಹುಡುಕಿದ್ದಾರೆ, ಅವಳಿಗೆ ಗೊತ್ತಾಗಲೇಬೇಕು ಅಂತ ಅವರು. ಅವರು ಹೇಳಿದ್ದೇ ಸರಿ. ಡಾಕ್ಟರೇ ತಂದೆ-ಮಗಳಿಬ್ಬರನ್ನೂ ಕರೆಸಿ ಹೇಳಿದರು. ಆ ಹುಡುಗಿ ಗಂಡಿನ ಮನೆಯವರನ್ನು ನೇರವಾಗಿ ಕೇಳಿದಳಂತೆ. ಕಂಪ್ಯೂಟರ್ ಬಲ್ಲ ನೆಂಟನೊಬ್ಬನ ಕೈಲಿ ಹುಡುಕಿಸಿದ್ದು ಅಂತ ಆಗ ಬಾಯಿಬಿಟ್ಟರು. "ನನ್ನನ್ನೇ ಕೇಳಿದ್ದರೆ ಹೇಳುತ್ತಿದ್ದೆನಲ್ಲ, ವಾಸಿಯಾದ ಕಾಯಿಲೆಗೆ ಏನು ಮುಚ್ಚುಮರೆ?" ಅಂತ ಅಂದು ಆ ಸಂಬಂಧ ಬೇಡ ಅಂದಳು. ಆ ವರ್ಷವೇ ಅವಳಿಗೆ ಒಳ್ಳೆಯ ಕಡೆ ಮದುವೆಯಾಯಿತು ಅಂತ ಆಮೇಲೆ ಕೇಳಿದೆ.

ಇತ್ತ ನಾವು ರೂಢಿ ಬದಲಾಯಿಸಿದೆವು. ಫೋನಿನಲ್ಲಿ ಪಾಸ್‌ವರ್ಡನ್ನು ಯಾರೂ ಕೇಳಕೂಡದು, ಸರ್ವೀಸಿನವರಾಗಲಿ, ಡಾಕ್ಟರಾಗಲಿ, ಯಾರೇ ಕೇಳಿದರೂ ಕೊಡಕೂಡದು ಅಂತ ಒಂದು ಹಾಳೆಯಲ್ಲಿ ಬರೆದೆ. ಡಾಕ್ಟರು ಸಹಿ ಹಾಕಿದರು. ಮೂರು ಶಾಖೆಯವರನ್ನೂ ಹಾಸನಕ್ಕೆ ಕರೆಸಿ ಒಂದು ದಿನ ಪಾಠ. ನಾನು ಅರ್ಧ ಗಂಟೆ ಏನೇನೋ ಹೇಳಿದೆ, ಇಬ್ಬರು ಗಂಡಸರೂ ಆಕಳಿಸಿದರು. ಆಗ ಇವಳು ಎದ್ದು, "ಗಂಡನ ಎಸ್ರು ಅಂದ್ಕಳಿ. ಬಾಯಲ್ಲಿ ಬರಂಗಿಲ್ಲ. ಅಷ್ಟೇಯ" ಅಂದಳು.

"ನಮ್ಗೆಲ್ಲೈತಮ್ಮ ಗಂಡ? ಎಂಡ್ರ ಎಸ್ರು ಅಂದ್ಕಬೋದಾ?" ಅಂದ ಅರಕಲಗೂಡಿನಾತ.

"ಅದ ಬೀದೀಲಿ ನಿಂತು ಕೂಗ್ತೀರಲ್ಲಣ್ಣ, ಅದಾಗಾಕಿಲ್ಲ."

ಡಾಕ್ಟರೂ ನಕ್ಕರು. ನನ್ನ ಅರ್ಧ ಗಂಟೆಯ ಭಾಷಣ ಯಾರಿಗೂ ನೆನಪಿರಲಿಲ್ಲ, ಇದು ಉಳಿಯಿತು.

ಏಳೆಂಟು ತಿಂಗಳು ಕಳೆದಿರಬೇಕು. ತಿಂಗಳ ಕೆಲಸಕ್ಕೆ ಹೊಳೆನರಸೀಪುರಕ್ಕೆ ಹೋಗಿದ್ದೆ. ಮಧ್ಯಾಹ್ನ ಇಬ್ಬರೂ ಕೂತು ಅವಳು ತಂದಿದ್ದ ಅಕ್ಕಿರೊಟ್ಟಿ ತಿನ್ನುತ್ತಿದ್ದೆವು. ಫೋನು ಬಂತು. ಡಾಕ್ಟರು. ಮೈಸೂರಿನ ಯಾವುದೋ ಆಸ್ಪತ್ರೆಯಲ್ಲಿದ್ದರು; ನಮ್ಮ ಶಾಖೆಯ ರೋಗಿಯೊಬ್ಬರು ಅಲ್ಲಿ ಸೇರಿದ್ದರು, ಹಳೆಯ ರಿಪೋರ್ಟು ತಕ್ಷಣ ಬೇಕಿತ್ತು. ತಮ್ಮ ಪಾಸ್‌ವರ್ಡನ್ನು ಅವರು ಮೂರು ಸಲ ತಪ್ಪು ಹೊಡೆದು, ಆ ಕಳ್ಳಫೋನಿನ ಪ್ರಸಂಗದ ಮೇಲೆ ನಾನೇ ಮಾಡಿದ್ದ ಹೊಸ ಏರ್ಪಾಡಿನಂತೆ ಬಾಗಿಲು ಮುಚ್ಚಿಕೊಂಡಿತ್ತು. ಡಾಕ್ಟರ ಧ್ವನಿ ರಿಸೀವರಿನಿಂದ ನನಗೂ ಕೇಳುತ್ತಿತ್ತು.

"ನಿನ್ನ ಪಾಸ್‌ವರ್ಡ್ ಹೇಳಮ್ಮ, ಇಲ್ಲಿಂದಲೇ ತೆಗೀತೀನಿ."

ಅವಳು ಎಂಜಲು ಕೈಯನ್ನು ಹಾಗೇ ಎತ್ತಿ ಹಿಡಿದುಕೊಂಡು, "ಆಗಾಕಿಲ್ಲ ಸಾ" ಅಂದಳು.

"ಏ, ನಾನು ಕಣಮ್ಮ! ನನ್ನ ಧ್ವನಿ ಗೊತ್ತಾಗಲ್ವಾ?"

"ಗೊತ್ತಾಯ್ತದೆ ಸಾ. ಆಸ್ಪತ್ರೆ ಎಸ್ರು ಏಳಿ. ಪ್ಯಾಕ್ಸ್ ನಂಬ್ರು ನಾನೇ ಡೈರೆಕ್ಟ್ರೀಲಿ ನೋಡ್ಕಂಡು, ಈಗ್ಲೇ ರಿಪೋರ್ಟ್ ಕಳಿಸ್ತೀನಿ. ಪಾಸ್‌ವರ್ಡ್ ಕೊಡಾಕಿಲ್ಲ."

ಈ ಸಲ ಅದು ಗಂಡನ ಹೆಸರಲ್ಲ. ಬಾಯಲ್ಲಿ ಹೇಳಿದರೆ ಯಾರ ಆಯಸ್ಸಿಗೂ ಕುತ್ತಿಲ್ಲ. ಕೇಳುತ್ತಿದ್ದವರು ಅವಳಿಗೆ ಕೆಲಸ ಕೊಟ್ಟ ಧಣಿ, ಒಮ್ಮೆ ಬೇಡ ಅಂದವರು. ನಾನು ರೊಟ್ಟಿ ಹಿಡಿದ ಕೈ ಹಾಗೇ ನಿಲ್ಲಿಸಿ ನೋಡುತ್ತಿದ್ದೆ.

ಡಾಕ್ಟರಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. "ನಿನಗೆ ಕೆಲಸ ಬೇಕೋ ಬೇಡವೋ?" ಅಂದರು.

"ಬೇಕು ಸಾ" ಅಂದಳು. "ಅದ್ಕೇ ಏಳ್ತಿಲ್ಲ."